ಹತ್ತನೇ ಜಾಗ ಯಾವ ಸಿನಿಮಾಗೆ?

ಹತ್ತು ಶ್ರೇಷ್ಠ ಸಿನಿಮಾಗಳ ಪಟ್ಟಿ ಮಾಡೋಣ ಅಂತ ಕೂತರೆ ಮೊದಲ ಐದಾರು ಹೆಸರಿಗೆ ಯಾರೂ ತಕರಾರು ಮಾಡುವುದಿಲ್ಲ. ಎಂಟಕ್ಕೆ ಬಂದಾಗ ದನಿ ಏರುತ್ತದೆ. ಹತ್ತನೆಯದಕ್ಕೆ ಬಂದಾಗ ಮಾತು ಮುಗಿಯುವುದೇ ಇಲ್ಲ. ನಾವು ನಾಲ್ಕು ಜನ ಗೆಳೆಯರು ಒಂದು ರಾತ್ರಿ ಹೀಗೆ ಕೂತಿದ್ದೆವು. ಬೆಳಗಿನ ಜಾವದ ಹೊತ್ತಿಗೆ ಉಳಿದದ್ದು ಎರಡು ಹೆಸರು: 'ಬೈಸಿಕಲ್ ಥೀವ್ಸ್' ಮತ್ತು 'ಪಥೇರ್ ಪಾಂಚಾಲಿ'. ಜಾಗ ಮಾತ್ರ ಒಂದೇ.

ಅಲ್ಲಿಯವರೆಗೂ ನಾವು ಕೇಳುತ್ತಿದ್ದ ಪ್ರಶ್ನೆಯೇ ಸರಿ ಇರಲಿಲ್ಲ. "ಇದು ಶ್ರೇಷ್ಠ ಸಿನಿಮಾ ಹೌದೋ ಅಲ್ಲವೋ?" ಅಂತ ಕೇಳಿದರೆ ನೂರು ಸಿನಿಮಾಗೆ ಹೌದು ಅನ್ನಬಹುದು. ಏನೂ ಇತ್ಯರ್ಥ ಆಗುವುದಿಲ್ಲ. "ಇದಕ್ಕೆ ಜಾಗ ಕೊಡೋಕೆ ಯಾವುದನ್ನು ತೆಗೀತೀಯ?" ಅಂತ ಕೇಳಿದಾಗ ಮಾತು ನೆಲಕ್ಕೆ ಇಳಿಯುತ್ತದೆ. ಎರಡು ಸಿನಿಮಾ ಎದುರುಬದುರು ನಿಲ್ಲುತ್ತವೆ. ಒಂದನ್ನು ಬಿಡುವ ನೋವು ಗೊತ್ತಾಗುತ್ತದೆ. ನಿಮ್ಮದೇ ಒಂದು ಪಟ್ಟಿ ಮಾಡಬೇಕು ಅಂತಿದ್ದರೆ, ಅಥವಾ ಇಂಥ ವಾದದಲ್ಲಿ ಸಿಕ್ಕಿಬಿದ್ದಿದ್ದರೆ, ಹೀಗೆ ಜೋಡಿ ಜೋಡಿಯಾಗಿ ಇಟ್ಟು ನೋಡಿ. ನಾನು ಇಟ್ಟು ನೋಡಿದ ಕೆಲವು ಜೋಡಿಗಳು ಮುಂದಿವೆ.

ಮೊದಲು, ಯಾರ ಪಟ್ಟಿ?

ವಾದ ಶುರುವಾದ ತಕ್ಷಣ ಯಾರಾದರೂ ಒಂದು ಪಟ್ಟಿ ತೆಗೆದು ತೋರಿಸುತ್ತಾರೆ. ಆ ಪಟ್ಟಿ ಹೇಗೆ ಆಯಿತು ಅಂತ ತಿಳಿದಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೆಸರಿರುವುದು ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆಯ ಪಟ್ಟಿಗೆ. 1952ರಿಂದ ಹತ್ತು ವರ್ಷಕ್ಕೊಮ್ಮೆ ಬರುತ್ತಿದೆ. ಮೊದಲ ಸಲ ಗೆದ್ದದ್ದು 'ಬೈಸಿಕಲ್ ಥೀವ್ಸ್'. ಆಗ ಆ ಸಿನಿಮಾಗೆ ಬರೀ ನಾಲ್ಕು ವರ್ಷ ವಯಸ್ಸು. ಆಮೇಲೆ 1962ರಿಂದ 2002ರವರೆಗೆ ಐದು ಸಲ 'ಸಿಟಿಜನ್ ಕೇನ್' ಮೊದಲು ಬಂತು. 2012ರಲ್ಲಿ 'ವರ್ಟಿಗೋ'. 2022ರಲ್ಲಿ ಶಾಂತಾಲ್ ಆಕರ್ಮನ್ ಅವರ 'ಜ್ಯಾನ್ ಡೀಲ್ಮನ್'. ಹೆಣ್ಣುಮಗಳೊಬ್ಬಳು ನಿರ್ದೇಶಿಸಿದ ಸಿನಿಮಾ ಮೊದಲ ಸ್ಥಾನಕ್ಕೆ ಬಂದದ್ದು ಅದೇ ಮೊದಲು.

ಇಲ್ಲಿ ಮತ ಹಾಕುವ ಕ್ರಮ ನೋಡಿ. ಪ್ರತಿ ವಿಮರ್ಶಕರೂ ಹತ್ತು ಹೆಸರು ಕೊಡುತ್ತಾರೆ. ಹತ್ತಕ್ಕೂ ಒಂದೇ ಬೆಲೆ. ಎಷ್ಟು ಜನ ಹೆಸರಿಸಿದರು ಅನ್ನುವುದಷ್ಟೇ ಲೆಕ್ಕ. 2012ರಲ್ಲಿ 846 ವಿಮರ್ಶಕರು ಮತ ಹಾಕಿದರು. 'ವರ್ಟಿಗೋ'ಗೆ ಬಿದ್ದದ್ದು 191, 'ಸಿಟಿಜನ್ ಕೇನ್'ಗೆ 157. ಅಂದರೆ ಮೊದಲ ಸ್ಥಾನದ ಸಿನಿಮಾವನ್ನು ಮುಕ್ಕಾಲು ಪಾಲಿಗಿಂತ ಜಾಸ್ತಿ ವಿಮರ್ಶಕರು ತಮ್ಮ ಹತ್ತರಲ್ಲಿ ಹಾಕಿಯೇ ಇರಲಿಲ್ಲ! ಈ ಲೆಕ್ಕ ಮನಸ್ಸಿನಲ್ಲಿಟ್ಟುಕೊಳ್ಳಿ. "ಜಗತ್ತಿನ ವಿಮರ್ಶಕರೆಲ್ಲ ಒಪ್ಪಿದ್ದಾರೆ" ಅಂತ ಯಾರಾದರೂ ಹೇಳಿದಾಗ ಉಪಯೋಗಕ್ಕೆ ಬರುತ್ತದೆ.

ಇದೇ ಪತ್ರಿಕೆ ನಿರ್ದೇಶಕರಿಂದ ಬೇರೆ ಮತ ತೆಗೆದುಕೊಳ್ಳುತ್ತದೆ. ಅಲ್ಲಿ 2012ರಲ್ಲಿ ಗೆದ್ದದ್ದು ಓಝು ಅವರ 'ಟೋಕಿಯೋ ಸ್ಟೋರಿ'. 2022ರಲ್ಲಿ '2001: ಎ ಸ್ಪೇಸ್ ಒಡಿಸ್ಸಿ'. ವಿಮರ್ಶಕರ ಪಟ್ಟಿಯಲ್ಲಿ ಹತ್ತರೊಳಗೆ ಬಾರದ 'ದಿ ಗಾಡ್‌ಫಾದರ್' ನಿರ್ದೇಶಕರ ಪಟ್ಟಿಯಲ್ಲಿ ಮೂರನೆಯದು. ಕೆಲಸ ಮಾಡುವವರ ಕಣ್ಣು ಬೇರೆ. "ಇದನ್ನು ಹೇಗಪ್ಪಾ ಮಾಡಿದ" ಅಂತ ಬೆರಗಾಗುವ ಸಿನಿಮಾಗಳು ಅಲ್ಲಿ ಮೇಲೆ ಬರುತ್ತವೆ.

ಮೂರನೆಯದು ಐಎಂಡಿಬಿ ಅನ್ನುವ ಸಿನಿಮಾ ಜಾಲತಾಣದ ಮೊದಲ 250. ಇಲ್ಲಿ ಪ್ರೇಕ್ಷಕರು ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಸರಾಸರಿಯೇ ಮುಖ್ಯ. 2008ರಿಂದ 'ದಿ ಶಾಶ್ಯಾಂಕ್ ರಿಡೆಂಪ್ಶನ್' ಇಲ್ಲಿ ಮೊದಲ ಸ್ಥಾನದಲ್ಲಿದೆ. ಅಂಕದ ಪಟ್ಟಿಗೂ ಆಯ್ಕೆಯ ಪಟ್ಟಿಗೂ ದೊಡ್ಡ ವ್ಯತ್ಯಾಸ ಇದೆ. ಎಲ್ಲರೂ ಒಂಬತ್ತು ಕೊಡುವ ಸಿನಿಮಾ ಅಂಕದ ಪಟ್ಟಿಯಲ್ಲಿ ಗೆಲ್ಲುತ್ತದೆ. ಕೆಲವರು ಪ್ರಾಣ ಕೊಡುವಷ್ಟು ಪ್ರೀತಿಸಿ, ಉಳಿದವರು ಅರ್ಧಕ್ಕೇ ಎದ್ದುಹೋಗುವ ಸಿನಿಮಾ ಆಯ್ಕೆಯ ಪಟ್ಟಿಯಲ್ಲಿ ಗೆಲ್ಲಬಹುದು. ಆದ್ದರಿಂದ ಒಂದು ಪಟ್ಟಿ ಹಿಡಿದು ಇನ್ನೊಂದನ್ನು ಹೀಗಳೆಯುವುದು ಸರಿಯಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ.

ಮನೆಯವರೆಲ್ಲ ಸೇರಿ ಒಂದು ಸಂಜೆ ಏನು ನೋಡೋಣ ಅಂತಿದ್ದರೆ ಪ್ರೇಕ್ಷಕರ ಪಟ್ಟಿ ನಂಬಿ. ಸಿನಿಮಾ ಮಾಡಲು ಕಲಿಯುತ್ತಿದ್ದರೆ ನಿರ್ದೇಶಕರ ಪಟ್ಟಿ. ನಿಮ್ಮ ಅಭಿರುಚಿಯನ್ನೇ ಸ್ವಲ್ಪ ಅಲ್ಲಾಡಿಸಿಕೊಳ್ಳಬೇಕು ಅಂದರೆ ವಿಮರ್ಶಕರ ಪಟ್ಟಿಯಲ್ಲಿ ಮೂವತ್ತರಿಂದ ನೂರರವರೆಗೆ ನೋಡಿ. ನನಗೆ ಅತಿ ಹೆಚ್ಚು ಸಿನಿಮಾ ಕೊಟ್ಟದ್ದು ಆ ಭಾಗವೇ.

ಜೋಡಿ ಹಾಕುವ ಬಗೆ

ಒಂದೇ ಕೆಲಸಕ್ಕೆ ಕೈಹಾಕಿದ ಎರಡು ಸಿನಿಮಾಗಳನ್ನು ಮಾತ್ರ ಪಕ್ಕಪಕ್ಕ ಇಡಿ. ಕುರೊಸಾವಾ ಅವರ 'ಸೆವೆನ್ ಸಮುರಾಯ್' ಮತ್ತು ಚಾಪ್ಲಿನ್ ಅವರ 'ಸಿಟಿ ಲೈಟ್ಸ್' ಎರಡನ್ನೂ ತೂಗುತ್ತಾ ಕೂತರೆ ಸುಮ್ನೆ ಸಮಯ ಹಾಳು. ಒಂದು ಮಳೆಯಲ್ಲಿ ಕಾದಾಡುವ ಊರಿನ ಕಥೆ, ಇನ್ನೊಂದು ಕಣ್ಣು ಕಾಣದ ಹೂವಿನ ಹುಡುಗಿಯ ಕಥೆ. ಯಾವ ತಕ್ಕಡಿ ಹಾಕ್ತೀರಿ?

ಜೋಡಿಯ ಎರಡನ್ನೂ ಒಂದೇ ವಾರದೊಳಗೆ, ಒಂದೊಂದನ್ನೂ ಒಂದೇ ಸಲಕ್ಕೆ ಕೂತು ನೋಡಿ. ಒಂದನ್ನು ಹದಿನೈದು ವರ್ಷದ ಹಿಂದೆ ನೋಡಿದ್ದು, ಇನ್ನೊಂದು ಮೊನ್ನೆ ನೋಡಿದ್ದು ಅಂದರೆ ಹೋಲಿಕೆ ಆಗುವುದಿಲ್ಲ. ಹಳೆಯದನ್ನು ನೋಡಿದವರು ನೀವಲ್ಲ, ಹದಿನೈದು ವರ್ಷ ಚಿಕ್ಕವರಾಗಿದ್ದ ನೀವು.

ಆಮೇಲೆ ಹತ್ತು ದಿನ ಬಿಡಿ. ಏನೂ ಓದಬೇಡಿ, ಮತ್ತೆ ನೋಡಬೇಡಿ. ಹತ್ತನೇ ದಿನ ಎರಡರಿಂದಲೂ ಒಂದೊಂದು ದೃಶ್ಯವನ್ನು ನೆನಪಿನಿಂದ ಮೂರು ಸಾಲಿನಲ್ಲಿ ಬರೆಯಿರಿ. ಯಾವ ದೃಶ್ಯ ತಾನಾಗಿ ಬರುತ್ತದೆ, ಯಾವುದನ್ನು ತಡಕಾಡಿ ಹುಡುಕಬೇಕು ಅನ್ನುವುದು ಗೊತ್ತಾಗುತ್ತದೆ. ನಾನು ಕಂಡುಕೊಂಡ ಪರೀಕ್ಷೆಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಬೇರೆ ಇಲ್ಲ. ನೋಡಿದ ರಾತ್ರಿಯ ಉತ್ಸಾಹ ಅಷ್ಟರಲ್ಲಿ ಇಳಿದಿರುತ್ತದೆ. ಯಾರೋ ದೊಡ್ಡವರು ಹೊಗಳಿದ್ದಾರೆ ಅನ್ನುವ ಭಾರವೂ ಇಳಿದಿರುತ್ತದೆ.

'ಸಿಟಿಜನ್ ಕೇನ್' ಮತ್ತು 'ವರ್ಟಿಗೋ'

ಎರಡೂ ಗೀಳಿನ ಕಥೆಗಳು. ಕಳೆದುಕೊಂಡದ್ದನ್ನು ವಾಪಸ್ ಪಡೆಯಲು ಹೊರಟ ಗಂಡಸರು. ಎರಡಕ್ಕೂ ಸಂಗೀತ ಕೊಟ್ಟವರು ಒಬ್ಬರೇ, ಬರ್ನಾರ್ಡ್ ಹರ್ಮನ್. ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

'ಕೇನ್' ಬಗ್ಗೆ ಎಲ್ಲರೂ ಹೇಳುವುದು "ಹೊಸದನ್ನು ಕಂಡುಹಿಡಿದ ಸಿನಿಮಾ" ಅಂತ. ಈ ವಾದ ಸ್ವಲ್ಪ ಅಳ್ಳಕ. ಹತ್ತಿರದ್ದೂ ದೂರದ್ದೂ ಒಟ್ಟಿಗೆ ಚೊಕ್ಕವಾಗಿ ಕಾಣುವ ಹಾಗೆ ಚಿತ್ರಿಸುವ ರೀತಿಯನ್ನು ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಅದಕ್ಕೆ ಮೊದಲೇ ಬಳಸಿದ್ದರು. ಫ್ರಾನ್ಸಿನಲ್ಲಿ ನಿರ್ದೇಶಕ ರೆನ್ವಾರ್ ಕೂಡ ಆ ದಾರಿಯಲ್ಲಿ ಹೋಗಿದ್ದರು. "ಮೊದಲು ಮಾಡಿದವರು" ಅನ್ನುವ ಒಂದೇ ಕಾರಣಕ್ಕೆ ಜಾಗ ಕೊಟ್ಟರೆ, ನಾಳೆ ಅದಕ್ಕೂ ಮೊದಲಿನದು ಸಿಕ್ಕಾಗ ಕಿತ್ತುಹಾಕಬೇಕಾಗುತ್ತದೆ ಅಲ್ವಾ?

ಕೇಳಬೇಕಾದದ್ದು, ಆ ತಂತ್ರದಿಂದ ಏನು ಮಾಡಿದರು ಅಂತ. ಒಂದು ಶಾಟ್ ನೋಡಿ. ಹುಡುಗ ಹೊರಗೆ ಹಿಮದಲ್ಲಿ ಆಡುತ್ತಿದ್ದಾನೆ. ಕ್ಯಾಮೆರಾ ಕಿಟಕಿಯಿಂದ ಒಳಕ್ಕೆ ಹಿಂದೆ ಸರಿಯುತ್ತದೆ. ತಾಯಿ, ಅವಳ ಜೊತೆಗೆ ಬ್ಯಾಂಕಿನವನು, ಗೊಣಗುತ್ತಾ ಬರುವ ತಂದೆ. ಕ್ಯಾಮೆರಾ ಕೋಣೆ ದಾಟಿ ಮೇಜಿನವರೆಗೂ ಬರುತ್ತದೆ. ತಾಯಿ ಕಾಗದಕ್ಕೆ ಸಹಿ ಹಾಕುತ್ತಾಳೆ, ಮಗನನ್ನು ದೂರ ಕಳಿಸುವ ಕಾಗದ. ಅಷ್ಟೂ ಹೊತ್ತು, ದೊಡ್ಡವರ ನಡುವೆ, ದೂರದ ಕಿಟಕಿಯ ಪುಟ್ಟ ಚೌಕದಲ್ಲಿ ಆ ಹುಡುಗ ಆಡುತ್ತಲೇ ಇದ್ದಾನೆ. ಅವನ ಕೂಗು ಕೇಳುತ್ತಲೇ ಇದೆ. ತನ್ನ ಬದುಕು ಒಳಗೆ ತೀರ್ಮಾನ ಆಗುತ್ತಿದೆ ಅಂತ ಅವನಿಗೆ ಗೊತ್ತಿಲ್ಲ. ಕಟ್ ಇಲ್ಲ, ಕ್ಲೋಸಪ್ ಇಲ್ಲ, ಯಾರೂ ನಮಗೆ "ನೋಡಿ, ದುಃಖ" ಅಂತ ಬೊಟ್ಟು ಮಾಡುವುದಿಲ್ಲ. ಇದನ್ನು ಮಾಡಿಸಿದಾಗ ನಿರ್ದೇಶಕ ಆರ್ಸನ್ ವೆಲ್ಸ್‌ಗೆ 25 ವರ್ಷ. ಅವರ ಮೊದಲ ಪೂರ್ಣ ಸಿನಿಮಾ.

'ವರ್ಟಿಗೋ' ಹತ್ತಿದ್ದು ಮೆಟ್ಟಿಲು ಮೆಟ್ಟಿಲಾಗಿ. 1982ರಲ್ಲಿ ಏಳನೇ ಸ್ಥಾನ, 1992ರಲ್ಲಿ ನಾಲ್ಕು, 2002ರಲ್ಲಿ ಎರಡು, 2012ರಲ್ಲಿ ಒಂದು. ಇದು ಎರಡನೇ ಸಲ ನೋಡಲು ಮಾಡಿದ ಸಿನಿಮಾ ಅನ್ನಿಸುತ್ತದೆ. ನಿರ್ದೇಶಕ ಹಿಚ್‌ಕಾಕ್ ಕಥೆಯ ಗುಟ್ಟನ್ನು ಕೊನೆಯವರೆಗೂ ಬಚ್ಚಿಡುವುದಿಲ್ಲ. ಇನ್ನೂ ಸಾಕಷ್ಟು ಸಿನಿಮಾ ಬಾಕಿ ಇರುವಾಗಲೇ ನಮಗೆ ಹೇಳಿಬಿಡುತ್ತಾರೆ, ನಾಯಕನಿಗೆ ಹೇಳುವುದಿಲ್ಲ. ಆ ಕ್ಷಣದಿಂದ ನಮ್ಮ ಕಣ್ಣು ಅವನನ್ನು ಬಿಟ್ಟು ನಾಯಕಿಯ ಕಡೆ ಹೋಗುತ್ತದೆ. ಮತ್ತೊಮ್ಮೆ ನೋಡಿದರೆ ಮೊದಲಿನಿಂದಲೂ ಅದು ಅವಳ ಸಿನಿಮಾ. ಹೋಟೆಲ್ ಕೋಣೆಯಲ್ಲಿ ಹೊರಗಿನ ಬೋರ್ಡಿನ ಹಸಿರು ಬೆಳಕಿನೊಳಗಿಂದ ಆ ನಾಯಕಿ, ಕಿಮ್ ನೊವಾಕ್, ನಡೆದು ಬರುವ ದೃಶ್ಯ ಮೊದಲ ಸಲ ಸುಂದರ. ಎರಡನೇ ಸಲ ಭಯಂಕರ.

ಒಂದೇ ಸಲ ನೋಡುವುದಾದರೆ 'ಕೇನ್'. ಎರಡು ಸಲ ನೋಡುವ ತಾಳ್ಮೆ ಇದ್ದರೆ 'ವರ್ಟಿಗೋ'. ನನ್ನ ಹತ್ತರಲ್ಲಿ 'ಕೇನ್' ಉಳಿಯಿತು. ಹತ್ತು ದಿನದ ಮೇಲೆ ನಾನು ಬರೆದದ್ದು ಆ ಕಿಟಕಿ. 'ವರ್ಟಿಗೋ' ಬಿಟ್ಟದ್ದಕ್ಕೆ ಈಗಲೂ ಹೊಟ್ಟೆಯಲ್ಲಿ ಸಂಕಟ ಇದೆ.

'ಟೋಕಿಯೋ ಸ್ಟೋರಿ' ಮತ್ತು 'ಜ್ಯಾನ್ ಡೀಲ್ಮನ್'

2022ರಲ್ಲಿ ಎಲ್ಲಕ್ಕಿಂತ ಜೋರಾಗಿ ಜಗಳ ನಡೆದದ್ದು 'ಜ್ಯಾನ್ ಡೀಲ್ಮನ್' ಬಗ್ಗೆ. 2012ರಲ್ಲಿ 36ನೇ ಸ್ಥಾನದಲ್ಲಿದ್ದ ಸಿನಿಮಾ ಹತ್ತೇ ವರ್ಷದಲ್ಲಿ ಮೊದಲನೆಯದಾಯಿತು. ಮತ ಹಾಕಿದ ವಿಮರ್ಶಕರ ಸಂಖ್ಯೆ 846ರಿಂದ 1,639ಕ್ಕೆ ಏರಿತ್ತು. "ಮತದಾರರು ಬದಲಾದರು, ಅದಕ್ಕೇ ಗೆದ್ದಿತು" ಅಂತ ಕೆಲವರು ಮುನಿದರು. ಬದಲಾದದ್ದು ನಿಜ. ಆದರೆ 1952ರ ಚಿಕ್ಕ ಗುಂಪು ಆರಿಸಿದ್ದೇ ಸತ್ಯ, ಜಾಸ್ತಿ ಜನ ಸೇರಿ ಆರಿಸಿದ್ದು ತಪ್ಪು ಅನ್ನುವ ಮಾತು ನನಗೆ ಒಪ್ಪಿಗೆ ಆಗುವುದಿಲ್ಲ. ಕಣ್ಣುಗಳು ಹೆಚ್ಚಾದಾಗ ಕಾಣುವುದೂ ಬೇರೆಯಾಗುತ್ತದೆ.

ಸಿನಿಮಾವನ್ನೇ ನೋಡೋಣ. 201 ನಿಮಿಷ. ಗಂಡ ತೀರಿಕೊಂಡ ಒಬ್ಬ ಹೆಂಗಸಿನ ಮೂರು ದಿನ. ಹಾಸಿಗೆ ಸರಿಮಾಡುತ್ತಾಳೆ, ಅಡುಗೆ ಮಾಡುತ್ತಾಳೆ, ದೀಪ ಹಾಕುತ್ತಾಳೆ, ದೀಪ ಆರಿಸುತ್ತಾಳೆ. ಕ್ಯಾಮೆರಾ ಅಲುಗಾಡುವುದಿಲ್ಲ. ಮೊದಲ ಒಂದು ಗಂಟೆ "ಇದೇನಪ್ಪಾ" ಅನ್ನಿಸುತ್ತದೆ. ಆದರೆ ಅಷ್ಟರಲ್ಲಿ ಅವಳ ದಿನಚರಿ ನಮಗೆ ಬಾಯಿಪಾಠ ಆಗಿರುತ್ತದೆ. ಎರಡನೇ ದಿನ ಆಲೂಗಡ್ಡೆ ಜಾಸ್ತಿ ಬೆಂದುಹೋಗುತ್ತದೆ. ಅವಳು ಪಾತ್ರೆ ಹಿಡಿದುಕೊಂಡು ಎಲ್ಲಿ ಇಡುವುದು ಅಂತ ತಿಳಿಯದೆ ಮನೆಯೊಳಗೆ ಓಡಾಡುತ್ತಾಳೆ. ಅಷ್ಟೇ. ನನ್ನ ಎದೆ ಧಸಕ್ ಅಂದಿತು. ಬೆಂದುಹೋದ ಆಲೂಗಡ್ಡೆಗೆ ಎದೆ ಹೊಡೆದುಕೊಳ್ಳುವ ಹಾಗೆ ಮಾಡಿದ ಬೇರೆ ಸಿನಿಮಾ ನಾನು ನೋಡಿಲ್ಲ. ಆಕರ್ಮನ್‌ಗೆ ಆಗ ಇನ್ನೂ ಇಪ್ಪತ್ತೈದರ ಆಸುಪಾಸಿನ ವಯಸ್ಸು.

'ಟೋಕಿಯೋ ಸ್ಟೋರಿ'ಯಲ್ಲೂ ಕ್ಯಾಮೆರಾ ಅಲುಗುವುದು ಅಪರೂಪ. ನೆಲದ ಹತ್ತಿರ, ಚಾಪೆಯ ಮೇಲೆ ಕೂತವರ ಎತ್ತರದಲ್ಲಿ ನಿಂತು ನೋಡುತ್ತದೆ. ವಯಸ್ಸಾದ ಅಪ್ಪ ಅಮ್ಮ ಮಕ್ಕಳನ್ನು ನೋಡಲು ದೊಡ್ಡ ಊರಿಗೆ ಬರುತ್ತಾರೆ. ಮಕ್ಕಳಿಗೆ ಪುರುಸೊತ್ತಿಲ್ಲ. ಯುದ್ಧದಲ್ಲಿ ತೀರಿಕೊಂಡ ಮಗನ ಹೆಂಡತಿ ಮಾತ್ರ ಅವರ ಜೊತೆ ಒಂದು ದಿನ ಕಳೆಯುತ್ತಾಳೆ. ಮೊದಲ ಸಲ ನಾನು ಇದನ್ನು ಫೋನಿನಲ್ಲಿ ಮೂರು ತುಂಡು ಮಾಡಿ ನೋಡಿದ್ದೆ. ಏನೂ ದಕ್ಕಲಿಲ್ಲ. ವರ್ಷಗಳ ಮೇಲೆ, ದೊಡ್ಡ ಪರದೆಯಲ್ಲಿ, ಒಂದೇ ಸಲಕ್ಕೆ ಕೂತು ನೋಡಿದಾಗ ಒಂದು ದೃಶ್ಯ ನನ್ನನ್ನು ಹಿಡಿದು ನಿಲ್ಲಿಸಿತು. ಅಜ್ಜಿ ಮೊಮ್ಮಗನನ್ನು ಹುಲ್ಲಿನ ದಿಬ್ಬದ ಮೇಲೆ ಆಡಿಸುತ್ತಿದ್ದಾಳೆ. ದೊಡ್ಡವನಾದ ಮೇಲೆ ಏನಾಗ್ತೀಯ ಅಂತ ಕೇಳುತ್ತಾಳೆ. ಅಷ್ಟು ಹೊತ್ತಿಗೆ ನಾನು ಇರ್ತೀನೋ ಇಲ್ಲವೋ ಅಂತ ತನಗೆ ತಾನೇ ಅನ್ನುತ್ತಾಳೆ. ಹುಡುಗ ಕೇಳಿಸಿಕೊಳ್ಳುವುದೇ ಇಲ್ಲ, ಅವನ ಪಾಡಿಗೆ ಆಟ ಆಡುತ್ತಿದ್ದಾನೆ.

ಈ ಎರಡರಲ್ಲಿ ಒಂದನ್ನು ಬಿಡಲು ನನಗೆ ಆಗಲಿಲ್ಲ. ಒಂದು ಸಮಯ ಹೇಗೆ ಜಾರುತ್ತದೆ ಅಂತ ತೋರಿಸುತ್ತದೆ. ಇನ್ನೊಂದು ಸಮಯ ಹೇಗೆ ತಲೆಯ ಮೇಲೆ ಕೂತು ಒತ್ತುತ್ತದೆ ಅಂತ. ಎರಡೂ ಉಳಿದವು. 'ವರ್ಟಿಗೋ' ಹೋದದ್ದು ಇದಕ್ಕೇ. ನಿಮಗೆ ಒಂದನ್ನೇ ಆರಿಸಬೇಕಾದರೆ, ಇಂಥ ಸಿನಿಮಾ ಹೊಸತು ಅನ್ನುವವರು 'ಟೋಕಿಯೋ ಸ್ಟೋರಿ'ಯಿಂದ ಶುರು ಮಾಡಿ. ಅದು ಕೈಹಿಡಿದು ಕರೆದುಕೊಂಡು ಹೋಗುತ್ತದೆ. 'ಜ್ಯಾನ್ ಡೀಲ್ಮನ್' ಹಾಗೆ ಕೈಹಿಡಿಯುವುದಿಲ್ಲ, ನೀವೇ ನಡೆದು ಬರಬೇಕು.

ಉದ್ದದ ಬಗ್ಗೆ ಒಂದು ಮಾತು. 'ಸೆವೆನ್ ಸಮುರಾಯ್' 207 ನಿಮಿಷ. 'ಜ್ಯಾನ್ ಡೀಲ್ಮನ್'ಗಿಂತ ಆರು ನಿಮಿಷ ಜಾಸ್ತಿಯೇ! ಆದರೂ ಅದನ್ನು ಯಾರೂ ಉದ್ದ ಅಂತ ದೂರುವುದಿಲ್ಲ. ಒಂದು ಸಿನಿಮಾವನ್ನು ಉದ್ದ ಅಂತ ಪಟ್ಟಿಯಿಂದ ಕೈಬಿಡುವ ಮೊದಲು ಇದನ್ನು ನೆನಪಿಸಿಕೊಳ್ಳಿ.

'ಗಾಡ್‌ಫಾದರ್', 'ಶಾಶ್ಯಾಂಕ್' ಮತ್ತು ನಗಿಸುವ ಸಿನಿಮಾಗಳು

ಇಲ್ಲಿ ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. 1994ರಲ್ಲಿ ಬಂದಾಗ 'ಶಾಶ್ಯಾಂಕ್' ಚಿತ್ರಮಂದಿರದಲ್ಲಿ ಓಡಲಿಲ್ಲ. ಏಳು ಆಸ್ಕರ್‌ಗೆ ಹೆಸರು ಹೋಗಿ ಒಂದೂ ಬರಲಿಲ್ಲ. ಆಮೇಲೆ ವಿಡಿಯೊ, ಟೀವಿಯಲ್ಲಿ ಜನ ಅದನ್ನು ಎತ್ತಿ ಮೇಲೆ ಕೂರಿಸಿದರು. ಆ ಪ್ರೀತಿ ಸುಳ್ಳಲ್ಲ. ಮನಸ್ಸು ಕುಸಿದ ದಿನ ನಾನೂ ಅದನ್ನೇ ಹಾಕಿಕೊಳ್ಳುತ್ತೇನೆ. ಆದರೆ 'ಗಾಡ್‌ಫಾದರ್' ಜೊತೆ ಇಟ್ಟಾಗ ಒಂದು ವ್ಯತ್ಯಾಸ ಕಾಣುತ್ತದೆ. 'ಶಾಶ್ಯಾಂಕ್' ನಮಗೆ ಏನು ಅನ್ನಿಸಬೇಕೋ ಅದನ್ನು ಕಥೆ ಹೇಳುವವನ ದನಿಯಲ್ಲಿ ಹೇಳಿಬಿಡುತ್ತದೆ. 'ಗಾಡ್‌ಫಾದರ್' ಕತ್ತಲೆಯಲ್ಲಿ ಒಂದು ಮುಖದಿಂದ ಶುರುವಾಗಿ, ನಿಧಾನವಾಗಿ ಹಿಂದೆ ಸರಿದು, ಎದುರಿಗೆ ಕೂತವನ ಬೆನ್ನನ್ನು ಮೊದಲು ತೋರಿಸುತ್ತದೆ. ಅಧಿಕಾರ ಯಾರ ಕೈಯಲ್ಲಿದೆ ಅಂತ ಒಂದು ಮಾತೂ ಇಲ್ಲದೆ ತಿಳಿಯುತ್ತದೆ. ಪಟ್ಟಿಗೆ 'ಗಾಡ್‌ಫಾದರ್'. ಕುಸಿದ ದಿನಕ್ಕೆ 'ಶಾಶ್ಯಾಂಕ್'.

ನಗಿಸುವ ಸಿನಿಮಾಗಳಿಗೆ ಆಗುವ ಅನ್ಯಾಯ ನನಗೆ ಸಹಿಸಲು ಆಗುವುದಿಲ್ಲ. 2022ರ ವಿಮರ್ಶಕರ ಮೊದಲ ಹತ್ತರಲ್ಲಿ ಮನಸ್ಸು ಹಗುರ ಮಾಡುವುದು 'ಸಿಂಗಿನ್ ಇನ್ ದ ರೇನ್' ಒಂದೇ, ಅದೂ ಕೊನೆಯಲ್ಲಿ. ಅಳಿಸುವುದು ದೊಡ್ಡ ಕೆಲಸ, ನಗಿಸುವುದು ಚಿಕ್ಕ ಕೆಲಸ ಅಂತ ಯಾರು ಹೇಳಿದರು? ಕೀಟನ್ ಅವರ 'ದಿ ಜನರಲ್'ನಲ್ಲಿ ಸೇತುವೆ ಮುರಿದು ನದಿಗೆ ಬೀಳುವುದು ನಿಜವಾದ ರೈಲು ಎಂಜಿನ್. 'ಸಿಟಿ ಲೈಟ್ಸ್' ಕೊನೆಯಲ್ಲಿ ಕಣ್ಣು ಬಂದ ಹುಡುಗಿ ಅಲೆಮಾರಿ ಚಾಪ್ಲಿನ್‌ನ ಕೈ ಮುಟ್ಟಿದಾಗ, ಯಾರು ಅಂತ ಅವಳಿಗೆ ಗೊತ್ತಾಗುವುದು ಕಣ್ಣಿನಿಂದಲ್ಲ, ಬೆರಳಿನಿಂದ. ನನ್ನ ಪಟ್ಟಿಯಲ್ಲಿ 'ಸಿಟಿ ಲೈಟ್ಸ್' ಇದೆ. ನೀವು ಯಾವುದನ್ನಾದರೂ ಹಾಕಿ, ಒಂದಾದರೂ ನಗುವ ಸಿನಿಮಾ ಇರಲಿ.

ಕಾಣದ ಸಿನಿಮಾಗಳ ಲೆಕ್ಕ

ಯಾರೂ ನೋಡದ ಸಿನಿಮಾಗೆ ಯಾರೂ ಮತ ಹಾಕುವುದಿಲ್ಲ. ಇಷ್ಟು ಸರಳ ವಿಷಯ, ಆದರೆ ವಾದದಲ್ಲಿ ಮರೆತುಹೋಗುತ್ತದೆ. 'ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್' 1928ರ ಸಿನಿಮಾ. ಅದರ ಮೂಲ ರೂಪದ ಪ್ರಿಂಟ್ ಸಿಕ್ಕಿದ್ದು 1981ರಲ್ಲಿ, ನಾರ್ವೆಯ ಒಂದು ಮಾನಸಿಕ ಆಸ್ಪತ್ರೆಯಲ್ಲಿ. 'ಮೆಟ್ರೊಪೊಲಿಸ್'ನ ಕಳೆದುಹೋಗಿದ್ದ ಭಾಗಗಳು 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕವು. 'ವರ್ಟಿಗೋ' ಕೂಡ ಕೆಲವು ವರ್ಷ ಚಲಾವಣೆಯಲ್ಲೇ ಇರಲಿಲ್ಲ. 1980ರ ದಶಕದಲ್ಲಿ ಮತ್ತೆ ಬಿಡುಗಡೆ ಆಯಿತು, 1996ರಲ್ಲಿ ರೀಸ್ಟೋರ್ ಆಯಿತು, ಅಂದರೆ ಹಳೆಯ ಫಿಲ್ಮನ್ನು ಸರಿಮಾಡಿದರು. ಅದು ಪಟ್ಟಿಯಲ್ಲಿ ಮೇಲೆ ಹತ್ತಿದ್ದೂ ಆ ವರ್ಷಗಳಲ್ಲೇ.

ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರದ್ದು. ಅದು ರೀಸ್ಟೋರ್ ಆಗಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಆದದ್ದು 2024ರಲ್ಲಿ. 2022ರ ಮತ ಮುಗಿದ ಮೇಲೆ. 2032ರಲ್ಲಿ ಏನಾಗುತ್ತದೋ ನೋಡಬೇಕು. ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಕಡಿಮೆ ಅಂತ ತಿಳಿಯಬೇಡಿ. ತೂಗಿ ನೋಡಿ ಕೈಬಿಟ್ಟದ್ದು ಬೇರೆ, ತಕ್ಕಡಿಗೇ ಬಾರದ್ದು ಬೇರೆ.

ಹತ್ತನೇ ಜಾಗ

ಈಗ ಆ ಎರಡು. ವಿತ್ತೋರಿಯೊ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್', 1948. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ', 1955. ಒಂದು ಇಲ್ಲದಿದ್ದರೆ ಇನ್ನೊಂದು ಈ ರೂಪದಲ್ಲಿ ಇರುತ್ತಿರಲಿಲ್ಲ. ರಾಯ್ 1950ರಲ್ಲಿ ಲಂಡನ್ನಿನಲ್ಲಿ 'ಬೈಸಿಕಲ್ ಥೀವ್ಸ್' ನೋಡಿದರು. ಸ್ಟುಡಿಯೊ ಬೇಡ, ಹೆಸರಾಂತ ನಟರು ಬೇಡ, ಹೀಗೂ ಸಿನಿಮಾ ಮಾಡಬಹುದು ಅನ್ನುವ ಧೈರ್ಯ ಅಲ್ಲಿ ಬಂತು.

ನನ್ನ ಗೆಳೆಯ ಡಿ ಸಿಕಾ ಪರ ನಿಂತ. ಅವನ ವಾದ ಗಟ್ಟಿ ಇತ್ತು. ಅಪ್ಪನ ಪಾತ್ರ ಮಾಡಿದ ಲಾಂಬರ್ತೊ ಮಾಜೊರಾನಿ ಕಾರ್ಖಾನೆಯ ಕೆಲಸಗಾರ. ಆದರೂ ಆ ಮುಖದ ಎದುರು ಯಾವ ದೊಡ್ಡ ನಟ ನಿಲ್ಲುತ್ತಾನೆ? ಸೈಕಲ್ ಬಿಡಿಸಿಕೊಳ್ಳಲು ಹೆಂಡತಿ ಮನೆಯ ಹಾಸಿಗೆಯ ಬಟ್ಟೆಗಳನ್ನು ಅಡ ಇಡುತ್ತಾಳೆ. ಅಂಗಡಿಯವನು ಆ ಗಂಟನ್ನು ಹಿಡಿದು ಎತ್ತರದ ಕಪಾಟು ಹತ್ತುತ್ತಾನೆ. ಹತ್ತುತ್ತಲೇ ಹೋಗುತ್ತಾನೆ. ಮೇಲಿನವರೆಗೂ ಬರೀ ಹಾಸಿಗೆ ಬಟ್ಟೆಗಳ ಗಂಟುಗಳು. ಇಡೀ ಊರಿನ ಬಡತನ ಒಂದೇ ಶಾಟಿನಲ್ಲಿ. ಆ ಸೈಕಲ್ಲೂ ಕಳವಾಗಿ, ಕೊನೆಯಲ್ಲಿ ಅಪ್ಪನೇ ಬೇರೆಯವರ ಸೈಕಲ್ ಕದ್ದು ಸಿಕ್ಕಿಬಿದ್ದಾಗ, ಮಗ ನೆಲಕ್ಕೆ ಬಿದ್ದ ಅಪ್ಪನ ಟೋಪಿ ಎತ್ತಿಕೊಂಡು ಧೂಳು ಕೊಡವುತ್ತಾನೆ. ಆಮೇಲೆ ಅಪ್ಪನ ಕೈ ಹಿಡಿಯುತ್ತಾನೆ. ಇದಕ್ಕಿಂತ ಹೆಚ್ಚು ಏನು ಬೇಕು ಅಂತ ಗೆಳೆಯ ಕೇಳಿದ. ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ.

ಸ್ಥಾನಗಳ ಲೆಕ್ಕ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. 1952ರಲ್ಲಿ ಮೊದಲಿದ್ದ 'ಬೈಸಿಕಲ್ ಥೀವ್ಸ್' 1972ರ ಹೊತ್ತಿಗೆ ಮೊದಲ ಹತ್ತರಿಂದ ಹೊರಗೆ. 'ಪಥೇರ್ ಪಾಂಚಾಲಿ' 1992ರಲ್ಲಿ ಹತ್ತರ ಒಳಗೆ ಬಂದು ಮತ್ತೆ ಜಾರಿ, 2022ರಲ್ಲಿ 35ನೇ ಸ್ಥಾನದಲ್ಲಿತ್ತು. ಏರುವುದು ಇಳಿಯುವುದು ಎರಡಕ್ಕೂ ಆಗಿದೆ.

ಮತ್ತೆ ನೋಡಿದೆ, ಒಂದೇ ವಾರದಲ್ಲಿ ಎರಡನ್ನೂ. 'ಪಥೇರ್ ಪಾಂಚಾಲಿ'ಯ ಈಗಿನ ಪ್ರಿಂಟ್ ಸಿಕ್ಕಿದ್ದೇ ಒಂದು ಭಾಗ್ಯ. ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬ್‌ನಲ್ಲಿ ಬೆಂಕಿಗೆ ಸಿಕ್ಕಿತ್ತು. ಸುಟ್ಟು ಉಳಿದ ಫಿಲ್ಮನ್ನು ಕೈಯಿಂದಲೇ ಸರಿಮಾಡಿ 2015ರಲ್ಲಿ ಹೊಸ ರೂಪದಲ್ಲಿ ತಂದರು. ಛಾಯಾಗ್ರಾಹಕ ಸುಬ್ರತ ಮಿತ್ರ ಅದಕ್ಕೆ ಮೊದಲು ಸಿನಿಮಾ ಕ್ಯಾಮೆರಾ ಮುಟ್ಟಿದವರೇ ಅಲ್ಲ ಅಂದರೆ, ಆ ಹೂವಿನ ಬಯಲು ನೋಡಿದಾಗ ನಂಬುವುದು ಕಷ್ಟ. ಪರ ಊರಿನಿಂದ ವಾಪಸ್ ಬಂದ ಅಪ್ಪ, ಮಗಳು ತೀರಿಕೊಂಡದ್ದು ಗೊತ್ತಿಲ್ಲದೆ, ಅವಳಿಗೆ ತಂದ ಸೀರೆ ತೆಗೆದು ತೋರಿಸುತ್ತಾನೆ. ತಾಯಿ ಬಾಯಿ ತೆರೆದು ಅಳುತ್ತಾಳೆ. ಅಳುವಿನ ದನಿ ಕೇಳುವುದಿಲ್ಲ, ಅದರ ಜಾಗದಲ್ಲಿ ತಾರ್ ಶೆಹನಾಯಿ ಅನ್ನುವ ತಂತಿವಾದ್ಯ ಕೇಳುತ್ತದೆ. ನಾನು ಹತ್ತನೇ ದಿನ ಬರೆಯುವುದು ಈ ದೃಶ್ಯವನ್ನೇ ಅಂದುಕೊಂಡಿದ್ದೆ.

ಆದರೆ ಪೆನ್ನು ಹಿಡಿದಾಗ ಬಂದದ್ದು ಬೇರೆ. ಅಕ್ಕ ದುರ್ಗಾ ಹಾರ ಕದ್ದಳು ಅಂತ ಪಕ್ಕದ ಮನೆಯವರು ದೂರಿದ್ದರು. ನಾನು ಕದ್ದಿಲ್ಲ ಅಂತ ಅವಳು ಹೇಳಿದ್ದಳು. ಈಗ ಅವಳಿಲ್ಲ. ಮನೆ ಖಾಲಿ ಮಾಡುವಾಗ ತಮ್ಮ ಅಪುಗೆ ಕಪಾಟಿನ ಮೇಲೆ ಒಂದು ಚಿಪ್ಪಿನಲ್ಲಿ ಆ ಹಾರ ಸಿಗುತ್ತದೆ. ಅವನು ಯಾರಿಗೂ ಹೇಳುವುದಿಲ್ಲ. ಓಡಿಹೋಗಿ ಕೆರೆಗೆ ಎಸೆಯುತ್ತಾನೆ. ನೀರಿನ ಮೇಲಿನ ಹಾವಸೆ ಹಾರ ಬಿದ್ದ ಕಡೆ ತೆರೆದುಕೊಂಡು ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಹುಡುಗ ನಿಂತು ನೋಡುತ್ತಾನೆ.

ಹತ್ತನೇ ಜಾಗದಲ್ಲಿ 'ಪಥೇರ್ ಪಾಂಚಾಲಿ' ಅಂತ ಬರೆದೆ. ಗೆಳೆಯನ ಪಟ್ಟಿಯಲ್ಲಿ ಈಗಲೂ 'ಬೈಸಿಕಲ್ ಥೀವ್ಸ್' ಇದೆ. ಮುಂದಿನ ಸಲ ಸೇರಿದಾಗ ಅವನು ಹತ್ತನೇ ದಿನ ಏನು ಬರೆದ ಅಂತ ಕೇಳಬೇಕು.